ಮೊಬೈಲು ಕೊಟ್ಟರೆ ಮಗಳನ್ನು ಓದಿಸಿದಂತಾಯಿತೇ?

'ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಹುಡುಗಿ ಮನೆಯಲ್ಲೇ ಕುಳಿತು ಓದಲಿ ಬಿಡಿ.' ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿರುವ ನಮ್ಮ ಮೊಹಲ್ಲಾಗಳಲ್ಲಿ ಈಚಿನ ವರ್ಷಗಳಲ್ಲಿ ಅತ್ಯಂತ ಸಲೀಸಾಗಿ ಉದುರುವ ಮಾತಿದು. ಹಂದನಕೆರೆಯಂತಹ ಹೋಬಳಿ ಕೇಂದ್ರದಲ್ಲಂತೂ ಇದಕ್ಕೆ ಎದುರುತ್ತರವೇ ಇಲ್ಲ. ಪದವಿ ಓದಬೇಕಾದರೆ ಬಸ್ಸು ಹತ್ತಬೇಕು, ಸಂಜೆ ಬಸ್ಸು ತಡವಾದರೆ ತಾಯಿಯ ಜೀವ ಬಾಗಿಲಲ್ಲಿ ನಿಲ್ಲುತ್ತದೆ, ನೆರೆಹೊರೆಯವರ ನಾಲಗೆಗೆ ಕೆಲಸ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಶಿಕ್ಷಣ ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಇಂದು ಯಾರಿಗೂ ಇಲ್ಲ. ಆದ್ದರಿಂದ ಆ ಹಳೆಯ 'ಬೇಡ' ಎಂಬುದೇ 'ಆನ್‌ಲೈನ್' ಎಂಬ ಹೊಸ ಅಂಗಿ ತೊಟ್ಟು ಬಂದಿದೆ.

ಸರಕಾರವೂ ಇದೇ ಮಾತನ್ನು ಇನ್ನಷ್ಟು ಗಂಭೀರ ಭಾಷೆಯಲ್ಲಿ ಆಡುತ್ತಿದೆ. ಅದಕ್ಕೆ 'ಮಿಶ್ರ ಕಲಿಕೆ' ಎಂದು ಹೆಸರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಎತ್ತಿಹಿಡಿಯಿತು. 2021ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಕಾಲೇಜು ಪಾಠದ ಶೇ. 40ರಷ್ಟನ್ನು ಆನ್‌ಲೈನ್ ಮೂಲಕ ನಡೆಸಬಹುದೆಂಬ ಕರಡನ್ನು ಹೊರಡಿಸಿತು. ಶಾಲಾ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಬಂದವು; ಅವನ್ನು ಮೊಬೈಲಿಗೆ ತೋರಿಸಿದರೆ ಪಾಠದ ದೃಶ್ಯ ತೆರೆದುಕೊಳ್ಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ತರಗತಿಯಲ್ಲಿ ಶಿಕ್ಷಕರು ಕಲಿಸಿದ್ದನ್ನು ಮಗು ಮನೆಯಲ್ಲಿ ಮತ್ತೊಮ್ಮೆ ನೋಡುವುದು, ತಿಳಿಯದ್ದನ್ನು ಗುರುತು ಹಾಕಿಕೊಂಡು ಮರುದಿನ ಶಿಕ್ಷಕರಲ್ಲಿ ಕೇಳುವುದು ಮಿಶ್ರ ಕಲಿಕೆಯ ನಿಜವಾದ ಅರ್ಥ. ಆ 'ಮರುದಿನ' ಇಲ್ಲದಿದ್ದರೆ ಮಿಶ್ರಣ ಎಲ್ಲಿಯದು?

ಇದು ಊಹೆಯ ಪ್ರಶ್ನೆಯಲ್ಲ. ಕೋವಿಡ್ ಕಾಲದಲ್ಲಿ ಇಡೀ ನಾಡೇ ಇದರ ಪರೀಕ್ಷೆ ಬರೆದಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು, ಖಾಸಗಿ ಶಾಲೆಗಳು ಆನ್‌ಲೈನ್ ತರಗತಿ ಆರಂಭಿಸಿದವು. ಕಿರಿಯ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ರಾಜ್ಯ ಸರಕಾರ ನಿಷೇಧ ಹೇರಿದರೆ, ಹೈಕೋರ್ಟ್ ಜುಲೈ 8ರಂದು ಅದಕ್ಕೆ ತಡೆ ನೀಡಿತು. ಈ ಜಗ್ಗಾಟದ ನಡುವೆ ಸರಕಾರಿ ಶಾಲೆಯ ಮಗುವಿನ ಪಾಡೇನಾಯಿತು? ಅದರ ಬಳಿಗೆ ನಿಜವಾಗಿ ತಲುಪಿದ್ದು ಆ ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ'. ಮಕ್ಕಳಲ್ಲಿ ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರ ಮನೆಯಲ್ಲಿ ಸಾದಾ ಫೋನ್ ಇದೆ, ಯಾರ ಮನೆಯಲ್ಲಿ ಯಾವುದೂ ಇಲ್ಲವೆಂದು ಶಿಕ್ಷಕರು ಮೊದಲು ತಿಳಿದುಕೊಂಡರು. ಬಳಿಕ ಜಗಲಿಗಳಲ್ಲಿ, ಮರದ ನೆರಳಿನಲ್ಲಿ, ಪ್ರಾರ್ಥನಾ ಮಂದಿರಗಳ ಅಂಗಳದಲ್ಲಿ ಪುಟ್ಟ ಗುಂಪುಗಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಎರಡು ತಿಂಗಳುಗಳಲ್ಲಿ ಅನೇಕ ಶಿಕ್ಷಕರು ತಮ್ಮ ವಿದ್ಯಾರ್ಥಿಯ ಮನೆಯನ್ನು ಮೊದಲ ಬಾರಿಗೆ ನೋಡಿದರು. ಮಗು ಯಾಕೆ ನಿದ್ದೆಗಣ್ಣಿನಲ್ಲಿ ಬರುತ್ತದೆ, ಯಾಕೆ ಬರೆದುಕೊಂಡು ಬರುವುದಿಲ್ಲ ಎಂಬುದಕ್ಕೆ ಉತ್ತರ ಆ ಮನೆಯ ಹೊಸ್ತಿಲಲ್ಲೇ ಇತ್ತು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಮೊಬೈಲಿನ ಆ್ಯಪ್‌ನಲ್ಲಿ ಇಂಗ್ಲಿಷ್. ಮನೆಯಲ್ಲಿ 'ಖೋಪರಾ' ಎನ್ನುವ ಮಗು ಶಾಲೆಯಲ್ಲಿ 'ಕೊಬ್ಬರಿ' ಎಂಬ ಪದದ ಮುಂದೆ ತಡವರಿಸಿದರೆ, ಅದಕ್ಕೆ ವಸ್ತು ಗೊತ್ತಿದೆ, ಪದ ಮಾತ್ರ ಗೊತ್ತಿಲ್ಲ ಎಂದು ಅರಿಯಲು ಕಣ್ಣೆದುರು ಮನುಷ್ಯರೇ ಬೇಕು. ಪರದೆಗೆ ಎರಡೂ ಒಂದೇ. ಉತ್ತರ ತಪ್ಪು, ಮುಂದಿನ ಪ್ರಶ್ನೆ.

ಇಮಾಮ್ ಅಬೂ ಹನೀಫಾ(ರ)ರ ದರ್ಸ್‌ಗೆ ಅಬೂ ಯೂಸುಫ್ ಎಂಬ ಬಡ ಹುಡುಗ ಬರುತ್ತಿದ್ದ ವೃತ್ತಾಂತವನ್ನು ನಮ್ಮ ಉಲಮಾಗಳು ಎಷ್ಟೋ ಸಲ ಹೇಳಿದ್ದಾರೆ. ಹೊಟ್ಟೆಪಾಡಿಗಾಗಿ ಮನೆಯವರು ಅವನನ್ನು ದುಡಿಮೆಗೆ ಎಳೆದುಕೊಂಡಾಗ ಪಾಠಕ್ಕೆ ಬರುವುದು ನಿಂತುಹೋಯಿತು. ಅಷ್ಟೊಂದು ಶಿಷ್ಯರ ನಡುವೆಯೂ ಇಮಾಮರು ಆ ಒಂದು ಖಾಲಿ ಜಾಗವನ್ನು ಗಮನಿಸಿದರು, ವಿಚಾರಿಸಿದರು, ಹಣದ ಚೀಲ ಕೊಟ್ಟು ಮತ್ತೆ ಕೂರಿಸಿಕೊಂಡರು. ಮುಂದೆ ಆತ ಖಲೀಫಾ ಹಾರೂನ್ ಅಲ್ ರಶೀದರ ಕಾಲದಲ್ಲಿ ಮುಖ್ಯ ಖಾಝಿಯಾದರು. ಹಾಜರಿ ಇಲ್ಲವೆಂದು ಹೆಸರು ಅಳಿಸುವುದಕ್ಕೂ, ಹಾಜರಿ ಏಕಿಲ್ಲವೆಂದು ಹುಡುಕಿಕೊಂಡು ಹೋಗುವುದಕ್ಕೂ ಇರುವ ಅಂತರ ಇದು. ಯಾರಿಂದ ಕಲಿತೆ ಎಂದು ಕೇಳಿ, ಸನದು ನೋಡಿ, ಆನಂತರವೇ ವಿದ್ಯೆಯನ್ನು ಒಪ್ಪಿದ ಪರಂಪರೆ ನಮ್ಮದು. ಗ್ರಂಥಗಳಿಗೆ ಬರವಿಲ್ಲದ ಕಾಲದಲ್ಲೂ ಗುರುವಿನೆದುರು ಕೂರುವುದನ್ನು ಅದು ಬಿಡಲಿಲ್ಲ.

ಈ ಸಂಬಂಧ ಮುರಿದರೆ ಏನಾಗುತ್ತದೆ ಎಂಬುದನ್ನು ನಾವು ನೋಡಿದ್ದು 2022ರಲ್ಲಿ. ಆಗ ಶಾಲಾ ಶಿಕ್ಷಣ ಸಚಿವರಾಗಿದ್ದವರು ಬೇರೆ ಯಾರೂ ಅಲ್ಲ, ಇದೇ ಕೊಬ್ಬರಿ ಸೀಮೆಯ ತಿಪಟೂರಿನ ಶಾಸಕರಾಗಿದ್ದ ಬಿ.ಸಿ. ನಾಗೇಶ್. ಫೆಬ್ರವರಿ 5ರಂದು ಅವರ ಇಲಾಖೆಯಿಂದ ಸಮವಸ್ತ್ರದ ಆದೇಶ ಹೊರಟಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ವಿದ್ಯಾರ್ಥಿನಿಯರನ್ನು ಭೇಟಿಯಾಗಿ ಪಿಯುಸಿಎಲ್ ಕರ್ನಾಟಕ ಘಟಕ ಪ್ರಕಟಿಸಿದ ವರದಿಯನ್ನು ಓದಿದವರಿಗೆ ತಿಳಿದಿದೆ: ಗೇಟಿನಲ್ಲಿ ತಡೆದದ್ದಕ್ಕಿಂತ, ನಿನ್ನೆಯವರೆಗೆ ಜೊತೆಗಿದ್ದ ಗೆಳತಿಯರೂ ಕಲಿಸಿದವರೂ ಮುಖ ತಿರುಗಿಸಿದ್ದು ಆ ಮಕ್ಕಳನ್ನು ಕಡಿಮೆ ನೋಯಿಸಲಿಲ್ಲ. ಆಗ ಕೆಲವರು ಬಹಳ ಉದಾರವಾಗಿ ಹೇಳಿದರು, 'ಆನ್‌ಲೈನ್‌ನಲ್ಲಿ ಓದಿ ಪರೀಕ್ಷೆ ಬರೆಯಲಿ.' ತರಗತಿಯಿಂದ ಹೊರದಬ್ಬಿದ ಮೇಲೆ ಕೈಗೆ ಪರದೆ ಕೊಡುವ ಈ ಔದಾರ್ಯವನ್ನು ನಾವು ಅಂದು ಖಂಡಿಸಿದೆವು. ಸರಿಯಾಗಿಯೇ ಖಂಡಿಸಿದೆವು.

ಹಾಗಾದರೆ ಅದೇ ಮಾತನ್ನು ಇಂದು ಮನೆಯ ಒಡೆಯ ಹೇಳಿದಾಗ ಏಕೆ ತಲೆದೂಗುತ್ತೇವೆ? ಬಾಗಿಲು ಮುಚ್ಚಿದ ಕಾಲೇಜಿನ ಮುಂದೆ ಹಕ್ಕಿಗಾಗಿ ಕೂಗಿದವರು, ಬಾಗಿಲು ತೆರೆದಿರುವ ಕಾಲೇಜಿಗೆ ಮಗಳನ್ನು ಕಳುಹಿಸದಿರುವುದು ಯಾವ ನ್ಯಾಯ? ಅಂದು ನಿಜವಾಗಿಯೂ ಓದು ಕಳೆದುಕೊಂಡ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೇ? ಬಸ್ಸಿನ ಖರ್ಚಿನ ನೆಪವೂ ಈಗ ಉಳಿದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಇನ್ನು ಮೊಬೈಲು! ಅದು ಎಷ್ಟು ಹೊತ್ತು ಮಗಳ ಕೈಯಲ್ಲಿರುತ್ತದೆ? ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ ಮಹಿಳೆಯರು ದೇಶದಲ್ಲಿ ಶೇ. 33 ಮಾತ್ರ, ಪುರುಷರು ಶೇ. 57 ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಣ್ಣ ಗ್ಯಾರೇಜಿನಿಂದ ಬರುವವರೆಗೆ ಪಾಠ, ಬಂದ ಮೇಲೆ ಫೋನು ಅವನದು. ಅಡುಗೆಮನೆಯಿಂದ ಕರೆ ಬಂದರೆ ಪಾಠ ಅಲ್ಲಿಗೇ ಮುಗಿಯಿತು. ಕಾಲೇಜಿನಲ್ಲಿ ಕುಳಿತ ಹುಡುಗಿಯನ್ನು ಯಾರೂ ಈರುಳ್ಳಿ ಹೆಚ್ಚಲು ಕರೆಯುವುದಿಲ್ಲ.

ಸರಕಾರವನ್ನು ಸುಮ್ಮನೆ ಬಿಡಬೇಕಾಗಿಲ್ಲ. ಸರಕಾರಿ ಶಾಲೆಗಳು ಪ್ರತಿ ವರ್ಷ ಹತ್ತಾರು ಸಾವಿರ ಅತಿಥಿ ಶಿಕ್ಷಕರ ಮೇಲೆ ನಡೆಯುತ್ತವೆ. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಸೇವೆಯೂ ಮುಗಿಯುತ್ತದೆ. ಮಗುವಿನ ಹೆಸರು, ಮನೆ, ಮನಸ್ಸು ಅರಿವಾಗುವಷ್ಟರಲ್ಲಿ ಶಿಕ್ಷಕರೇ ಇರುವುದಿಲ್ಲ. ಹೀಗಿರುವಾಗ ಗೋಡೆಗೆ ಸ್ಮಾರ್ಟ್ ಬೋರ್ಡು ನೇತುಹಾಕಿ ಉದ್ಘಾಟನೆಯ ಚಿತ್ರ ತೆಗೆಸಿಕೊಳ್ಳುವುದು ಕಣ್ಣೊರೆಸುವ ತಂತ್ರ. ಖಾಯಂ ಶಿಕ್ಷಕರನ್ನು ಕೊಡಿ, ಬೋರ್ಡನ್ನು ಅವರ ಕೈಗೆ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಕೇಳಬೇಕಾದ ಸ್ಥಳದಲ್ಲಿ ನಾವಿದ್ದೇವೆಯೇ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಬರುವ ನಮ್ಮ ತಂದೆಯರೆಷ್ಟು ಮಂದಿ?

ನಮ್ಮ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ನೀರು ಇಂಗಿ, ತಿರುಳು ಕರಟ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಯನ್ನು ಕೈಗೆತ್ತಿ ಕಿವಿಯ ಬಳಿ ಅಲುಗಿಸಿ, ಒಳಗಿನ ಸದ್ದಿನಿಂದಲೇ ಹದ ಹೇಳುವ ಜಾಣರು ನಮ್ಮಲ್ಲಿದ್ದಾರೆ. ಅದೇ ಜಾಣರನ್ನು ಕೇಳಿ ನೋಡಿ: ಮಗಳು ಎಷ್ಟನೆಯ ತರಗತಿ? ಯಾವ ವಿಷಯ ಅವಳಿಗೆ ಕಷ್ಟ? ಅವಳ ಟೀಚರ ಹೆಸರೇನು? ಮೊದಲ ಪ್ರಶ್ನೆಗೇ ಹೆಂಡತಿಯ ಮುಖ ನೋಡುತ್ತಾರೆ.

ಆರು ವರ್ಷದಿಂದ ಹದಿನಾಲ್ಕರವರೆಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿದಾಗ ನಾವು ವೇದಿಕೆಗಳಲ್ಲಿ ಆ ಅಂಕಿಯನ್ನು ಬಹಳ ಬಳಸಿದೆವು. ಮೊಹಲ್ಲಾದ ಯಾವ ಮನೆಯ ಯಾವ ಮಗು ಆ ನಾಲ್ಕನೆಯದು ಎಂದು ಪಟ್ಟಿ ಮಾಡಿದ ಜಮಾಅತ್‌ಗಳು ಎಷ್ಟು? ಮಸೀದಿಯ ಹಜಾರ ಇಶಾದವರೆಗೆ ಖಾಲಿಯಿರುತ್ತದೆ. ಅಲ್ಲಿ ಬೆಳಕಿದೆ, ಫ್ಯಾನಿದೆ. ಹೆಣ್ಣುಮಕ್ಕಳಿಗೆ ಮದ್ರಸದ ಕೋಣೆಯಿದೆ. ಒಂದೆರಡು ಟ್ಯಾಬ್, ಓದಿಕೊಂಡ ಒಬ್ಬ ಅಕ್ಕ, ತಿಂಗಳಿಗೊಮ್ಮೆ ಶಾಲೆಯ ಶಿಕ್ಷಕರನ್ನು ಗೌರವದಿಂದ ಕರೆದು ಪೋಷಕರ ಜೊತೆ ಕೂರಿಸುವುದು. ಇದಕ್ಕೆ ಯಾವ ಸರಕಾರದ ಅನುದಾನವೂ ಬೇಡ. ಆ ಶಿಕ್ಷಕರು ಯಾವ ಧರ್ಮದವರಾದರೂ ಸರಿ. ನಮ್ಮ ಮಗುವಿನ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ಹೋದವರು ಮರುದಿನ ತರಗತಿಯಲ್ಲಿ ಅದನ್ನು ಹೆಸರು ಹಿಡಿದು ಕರೆಯುತ್ತಾರೆ. ಗೇಟಿನಲ್ಲಿ ಯಾರಾದರೂ ತಡೆದರೆ ಅದರ ಪರವಾಗಿ ಒಂದು ಮಾತನ್ನಾದರೂ ಆಡುತ್ತಾರೆ.

ಮುತವಲ್ಲಿ ಸಾಹೇಬರು ಮುಂದಿನ ಶುಕ್ರವಾರ ಜುಮಾ ಬಳಿಕ ಚಂದಾದ ಲೆಕ್ಕ ಓದುವಾಗ, ಈ ವರ್ಷ ಪಿಯುಸಿ ಮುಗಿಸಿದ ಮೊಹಲ್ಲಾದ ಹೆಣ್ಣುಮಕ್ಕಳೆಷ್ಟು, ಅವರಲ್ಲಿ ಬೆಳಗಿನ ಬಸ್ಸು ಹತ್ತುತ್ತಿರುವವರೆಷ್ಟು ಎಂಬ ಲೆಕ್ಕವನ್ನೂ ಓದಲಿ.