ಮಧ್ಯಮಮಾರ್ಗದ ಪಾಠ

ಕೃಷ್ಣಾತೀರದ ದೇವಸುಗೂರಿನಲ್ಲಿ ಸೂಗೂರೇಶ್ವರನ ದೇಗುಲವಿದೆ. ನೆರೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ನಿಂತಿವೆ. ದುಡಿಮೆಗೆಂದು ಬಂದು ನೆಲೆಸಿದ ಜನರಲ್ಲಿ ಎಲ್ಲ ಮತದವರೂ ಇದ್ದಾರೆ. ಇಂತಹ ಸೀಮೆಯಲ್ಲಿ, ಇಸ್ಲಾಮೀ ಪ್ರೌಢಶಾಲೆಗಳು ಮಕ್ಕಳಿಗೆ ಧಾರ್ಮಿಕ ಸಂಯಮವನ್ನು ಹೇಗೆ ಬೋಧಿಸಬೇಕೆಂಬ ಪ್ರಶ್ನೆಯು ಪ್ರತಿ ಮನೆಗೂ ಸಂಬಂಧಿಸಿದ್ದೇ ಆಗಿದೆ.

ಇಂಡೋನೇಷ್ಯಾ ದೇಶವು ಈ ಕಾರ್ಯವನ್ನು ಸರಕಾರದ ಮಟ್ಟದಲ್ಲಿಯೇ ಕೈಗೊಂಡಿದೆ. ಅಲ್ಲಿನ ಧರ್ಮಖಾತೆಯು 2019ರಲ್ಲಿ ಸಂಯಮಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿತು: ದೇಶನಿಷ್ಠೆ, ಸಹಿಷ್ಣುತೆ, ಹಿಂಸೆಯ ನಿರಾಕರಣೆ, ಸ್ಥಳೀಯ ಸಂಸ್ಕೃತಿಗೆ ಮನ್ನಣೆ. ಇದು ಹೊರಗಿನಿಂದ ತಂದ ಸರಕೂ ಅಲ್ಲ. ಮುಸ್ಲಿಮರನ್ನು ಮಧ್ಯಮ ಸಮುದಾಯವೆಂದು ಕರೆದುದೂ, ಧರ್ಮದಲ್ಲಿ ಬಲಾತ್ಕಾರ ಸಲ್ಲದೆಂದು ವಿಧಿಸಿದುದೂ ಕುರ್‌ಆನಿನ ಎರಡನೆಯ ಅಧ್ಯಾಯವೇ.

ನಾಲ್ಕರಲ್ಲಿ ಕಡೆಯದೇ ಕಠಿಣವಾದುದು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಅಲಾಯಿ ದೇವರುಗಳನ್ನು ಕೂರಿಸಿ ಹರಕೆ ಸಲ್ಲಿಸುವುದು ಶಾಸ್ತ್ರಸಮ್ಮತವಲ್ಲವೆಂಬ ಪಂಡಿತರೂ ಇದ್ದಾರೆ. ವಿದ್ಯಾರ್ಥಿಯೊಬ್ಬನು ಈ ಕುರಿತು ಕೇಳಿದರೆ ಉಪಾಧ್ಯಾಯರು ಏನು ಹೇಳಬೇಕು? ಸುಮ್ಮನಿದ್ದರೆ ವಿದ್ಯೆಗೆ ವಂಚನೆ. ಬರಿದೆ ಖಂಡಿಸಿದರೆ, ಹುಡುಗನು ತನ್ನ ಅಜ್ಜಿಯ ಹರಕೆಯನ್ನೇ ಹೀನವೆಂದು ಎಣಿಸಬಹುದು. ಆಕ್ಷೇಪವನ್ನು ಕಾರಣಸಹಿತ ತಿಳಿಸಿ, ಜನರು ಏಕೆ ಕೈಮುಗಿಯುತ್ತಾರೆಂಬುದನ್ನೂ ವಿವರಿಸಿ, ಒಪ್ಪದವನಿಗೂ ಅವಮಾನಿಸುವ ಅಧಿಕಾರವಿಲ್ಲವೆಂದು ಮನಗಾಣಿಸುವುದೇ ಗುರುಧರ್ಮ.

ಪಾಠಕ್ಕೆ ಇತಿಹಾಸದ ನೆರವೂ ಉಂಟು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ಸಂಗೀತಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದನು. ಬೀದರಿನಲ್ಲಿ 1472ರಲ್ಲಿ ಭವ್ಯವಾದ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನನ ಕಥೆಯಾದರೋ ಎಚ್ಚರಿಕೆ ನೀಡುವಂತಹುದು. ದಖ್ಖನಿಗಳೂ ಪರದೇಶಿಗಳೂ ಎಂದು ಆಸ್ಥಾನವು ಒಡೆದಿದ್ದ ಆ ಕಾಲದಲ್ಲಿ, ಕೃತ್ರಿಮ ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಆತನ ತಲೆ ತೆಗೆಸಿದನು. ಕೊಂದವನೂ ಸತ್ತವನೂ ಒಂದೇ ಮತದವರು. ಅಸಹನೆಗೆ ಬೇರೆ ಮತದವನೇ ಬೇಕೆಂದಿಲ್ಲ. ಪರಿಶೀಲಿಸದ ಸುದ್ದಿಯೊಂದು ಸಾಕು. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರೀಕ್ಷಿಸಬೇಕೆಂದು ಕುರ್‌ಆನಿನ ನಲವತ್ತೊಂಬತ್ತನೆಯ ಅಧ್ಯಾಯ ವಿಧಿಸುತ್ತದೆ. ಗಾಳಿಮಾತು ಕ್ಷಣದಲ್ಲಿ ಕೈಯಿಂದ ಕೈಗೆ ದಾಟುವ ಈ ದಿನಗಳಲ್ಲಿ ಇದಕ್ಕಿಂತ ಉಪಯುಕ್ತ ಪಾಠ ಮತ್ತಾವುದು?

ಆದರೆ ಒಂದು ಮಾತನ್ನು ಮರೆಯಲಾಗದು. ಸಂಯಮವನ್ನು ಮುಸಲ್ಮಾನರ ಮಕ್ಕಳಿಂದ ಮಾತ್ರ ಅಪೇಕ್ಷಿಸಿದರೆ ಪಾಠವು ಆಪಾದನೆಯಾಗುತ್ತದೆ. ತನ್ನನ್ನು ಶಂಕಿಸಿಯೇ ಪಾಠ ಹೇಳುತ್ತಿರುವರೆಂದು ಅರಿತ ಬಾಲಕನು ಪರೀಕ್ಷೆಗಾಗಿ ಉತ್ತರ ಬರೆದಾನು, ಮನಸ್ಸನ್ನು ತೆರೆಯಲಾರನು. ಮದರಸೆಯಲ್ಲಿ ಹೇಳುವುದನ್ನು ಮಠದ ಶಾಲೆಯಲ್ಲಿಯೂ ಸರಕಾರಿ ಶಾಲೆಯಲ್ಲಿಯೂ ಹೇಳಬೇಕು. ಎಲ್ಲಕ್ಕೂ ಮೊದಲು, ಮಕ್ಕಳು ಕಿವಿಗೊಟ್ಟು ಕುಳಿತಿರುವ ಊಟದ ಹೊತ್ತಿನಲ್ಲಿ, ನೆರೆಮನೆಯವರ ವಿಷಯ ಬಂದಾಗ, ಹಿರಿಯರು ತಮ್ಮ ನಾಲಿಗೆಯಲ್ಲಿ ಅದನ್ನು ಪಾಲಿಸಬೇಕು.