ನಡುವಣ ಪದರ

ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಅಯಸ್ಕಾಂತಕ್ಕೆ ಒಲಿಯುವ ಲೋಹಗಳು; ತಾಮ್ರ, ಕ್ರೋಮಿಯಂ ಮೊದಲಾದವು ಒಲಿಯದವು ಎಂದು ನಮ್ಮ ಪಠ್ಯಪುಸ್ತಕಗಳು ಎರಡು ಪಟ್ಟಿಗಳನ್ನು ಕೊಡುತ್ತವೆ. ಎರಡನೆಯ ಪಟ್ಟಿಯ ಲೋಹಗಳಿಗೆ ಕಾಂತತ್ವದಲ್ಲಿ ಯಾವ ಪಾತ್ರವೂ ಇಲ್ಲವೆಂದು ವಿದ್ಯಾರ್ಥಿಗಳು ತಿಳಿಯುವುದು ಸಹಜ. ಈ ತಿಳಿವಳಿಕೆಯನ್ನು ಅಲ್ಲಗಳೆಯುವ ಸಂಶೋಧನೆಯೊಂದು ಕಾಲೇಜಿನ ಪಾಠಗಳಲ್ಲಿ ಸೇರಬೇಕೆಂಬುದು ನಮ್ಮ ಮತ.

1986ರಲ್ಲಿ ಜರ್ಮನಿಯ ಯೂಲಿಕ್ ಸಂಶೋಧನ ಕೇಂದ್ರದ ಪೀಟರ್ ಗ್ರ್ಯೂನ್‌ಬರ್ಗ್ ಮತ್ತು ಅವರ ಸಂಗಡಿಗರು ಕಬ್ಬಿಣದ ಎರಡು ತೆಳುಪದರಗಳ ನಡುವೆ ಸುಮಾರು 1 ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು, ದಪ್ಪದ ಕ್ರೋಮಿಯಂ ಇರುವ ರಚನೆಯನ್ನು ಪರೀಕ್ಷಿಸಿದರು. ಒಂದು ಪದರದ ಕಾಂತತ್ವ ಯಾವ ದಿಕ್ಕಿಗಿತ್ತೋ ಇನ್ನೊಂದರದು ಅದಕ್ಕೆ ನೇರ ವಿರುದ್ಧವಾಗಿ ನಿಂತಿತ್ತು.

ಜಾಣ ವಿದ್ಯಾರ್ಥಿ ಇಲ್ಲಿಯೇ ತಡೆದು ಕೇಳಿಯಾನು: ಎರಡು ದಂಡಕಾಂತಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವೂ ಹೀಗೆಯೇ ತಿರುಗುವುದಿಲ್ಲವೆ? ಪ್ರಶ್ನೆ ಒಳ್ಳೆಯದು. ಇದಕ್ಕೆ ನಿಸ್ಸಂದೇಹವಾದ ಉತ್ತರ 1990ರಲ್ಲಿ ದೊರೆಯಿತು. ಕ್ಯಾಲಿಫೋರ್ನಿಯದ ಐಬಿಎಂ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಪಾರ್ಕಿನ್ ಮತ್ತು ಸಹೋದ್ಯೋಗಿಗಳು ಕೋಬಾಲ್ಟ್ ಪದರಗಳ ನಡುವಣ ರುಥೇನಿಯಮಿನ ದಪ್ಪವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರು. ಪದರಗಳು ಒಮ್ಮೆ ವಿರುದ್ಧವಾಗಿ, ಅನಂತರ ಒಂದೇ ದಿಕ್ಕಿಗೆ, ಮತ್ತೆ ವಿರುದ್ಧವಾಗಿ ನಿಂತವು, ಸುಮಾರು 1.2 ನ್ಯಾನೋಮೀಟರಿಗೆ ಒಂದು ಆವರ್ತ. ದಂಡಕಾಂತಗಳ ಬಲ ದೂರ ಹೆಚ್ಚಿದಂತೆ ಕುಗ್ಗುವುದೇ ಹೊರತು ಹೀಗೆ ಮನಸ್ಸು ಬದಲಿಸುವುದಿಲ್ಲ.

ಕಾರಣವಿರುವುದು ನಡುವಣ ಲೋಹದ ಎಲೆಕ್ಟ್ರಾನುಗಳಲ್ಲಿ. ಸ್ಪಿನ್ ಎಂಬ ಗುಣದಿಂದ ಇವು ಎರಡು ಬಗೆಯಾಗುತ್ತವೆ. ಕಾಂತೀಯ ಪದರದ ಎಲ್ಲೆಯಲ್ಲಿ ಒಂದು ಬಗೆಯವು ಹೆಚ್ಚಾಗಿ ಹಿಂದಿರುಗುತ್ತವೆ, ಇನ್ನೊಂದು ಬಗೆಯವು ಸುಲಭವಾಗಿ ದಾಟುತ್ತವೆ. ಎರಡು ಎಲ್ಲೆಗಳ ನಡುವೆ ಹೋಗಿಬರುವ ಈ ಎಲೆಕ್ಟ್ರಾನು ಅಲೆಗಳು, ಬಿಗಿದ ತಂತಿಯ ಮೇಲಿನ ಅಲೆಗಳಂತೆ, ಕೆಲವು ದಪ್ಪಗಳಲ್ಲಿ ಪರಸ್ಪರ ಬಲಗೊಳ್ಳುತ್ತವೆ, ಕೆಲವುಗಳಲ್ಲಿ ಕ್ಷೀಣಿಸುತ್ತವೆ. ಯಾವ ಜೋಡಣೆಯಲ್ಲಿ ಒಟ್ಟು ಶಕ್ತಿ ಕಡಿಮೆಯೋ ಪದರಗಳು ಅದನ್ನೇ ಹಿಡಿಯುತ್ತವೆ. ಆವರ್ತದ ಉದ್ದವನ್ನು ನಿರ್ಧರಿಸುವುದು ಕಾಂತೀಯ ಲೋಹವಲ್ಲ, ಎರಡನೆಯ ಪಟ್ಟಿಗೆ ತಳ್ಳಲ್ಪಟ್ಟ ಲೋಹ!

ಜನಪ್ರಿಯ ಲೇಖನಗಳು ಈ ಕಥೆಯನ್ನು ಸಾಮಾನ್ಯವಾಗಿ ಅರ್ಧದಿಂದ ಆರಂಭಿಸುತ್ತವೆ. 1988ರಲ್ಲಿ ಪ್ಯಾರಿಸಿನ ಬಳಿಯ ಓರ್ಸೆಯಲ್ಲಿ ಆಲ್ಬರ್ಟ್ ಫರ್ಟ್ ಅವರ ತಂಡ ಕಬ್ಬಿಣ–ಕ್ರೋಮಿಯಂ ಪದರಗಳ ವಿದ್ಯುತ್ ರೋಧ ಕಾಂತಕ್ಷೇತ್ರದಲ್ಲಿ, ಅತಿಶೀತದಲ್ಲಿ, ಸುಮಾರು ಅರ್ಧಕ್ಕೆ ಇಳಿಯುವುದನ್ನು ಕಂಡಿತು. ಗ್ರ್ಯೂನ್‌ಬರ್ಗರೂ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡರು. 2007ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಇವೆಲ್ಲ ನಿಜ. ಆದರೆ ಪದರಗಳು ಮೊದಲು ವಿರುದ್ಧವಾಗಿ ನಿಂತಿದ್ದುದರಿಂದಲೇ ಅಲ್ಲವೆ, ಕ್ಷೇತ್ರ ಅವನ್ನು ಒಂದೇ ದಿಕ್ಕಿಗೆ ತಿರುಗಿಸಿ ರೋಧವನ್ನು ಇಳಿಸಿದುದು?

ಆಕ್ಷೇಪಣೆಯೊಂದುಂಟು. ಹಾರ್ಡ್ ಡಿಸ್ಕಿನ ಮಾಹಿತಿಯನ್ನು ಓದುವ ಸಾಧನದಲ್ಲಿ ಒಂದು ಪದರ ನಿರಾತಂಕವಾಗಿ ತಿರುಗಬೇಕು. ಅಲ್ಲಿ ಈ ಬಂಧ ಅಡ್ಡಿಯೇ ಸರಿ. ಸಾಧನಕ್ಕೆ ಬೇಡದ್ದು ವಿದ್ಯಾರ್ಥಿಗೇಕೆ? ಆದರೆ ಅದೇ ಸಾಧನದಲ್ಲಿ ಕದಲದೆ ನಿಲ್ಲಬೇಕಾದ ಪದರವೂ ಒಂದಿದೆ. ಅದನ್ನು ಎರಡಾಗಿ ಮಾಡಿ, ನಡುವೆ ಸುಮಾರು 0.8 ನ್ಯಾನೋಮೀಟರು ರುಥೇನಿಯಂ ಇಟ್ಟು, ವಿರುದ್ಧ ದಿಕ್ಕುಗಳಲ್ಲಿ ಬಿಗಿದು ನಿಲ್ಲಿಸುತ್ತಾರೆ. 2001ರಲ್ಲಿ ಐಬಿಎಂ ಡಿಸ್ಕಿನ ಲೇಪದೊಳಕ್ಕೇ ಮೂರು ಪರಮಾಣುಗಳಷ್ಟು ದಪ್ಪದ ರುಥೇನಿಯಮನ್ನು ಸೇರಿಸಿತು. ಅಲ್ಲಿನವರು ಅದನ್ನು ವಿನೋದಕ್ಕೆ ಮಾಯಾಧೂಳಿ ಎಂದು ಕರೆದರಂತೆ, ಮಾಯೆಯೇನೂ ಅದರಲ್ಲಿಲ್ಲ.

ಇಂತಹ ಪದರಗಳನ್ನು ಮಾಡುವ ನಿರ್ವಾತಯಂತ್ರ ನಮ್ಮ ಎಲ್ಲ ಕಾಲೇಜುಗಳಿಗೂ ಬರಬೇಕೆಂದು ನಾವು ಕೇಳುತ್ತಿಲ್ಲ. ಪಾರ್ಕಿನ್ನರ ಏರಿಳಿಯುವ ರೇಖೆಯನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಲು ಒಂದು ಗಂಟೆ ಸಾಕು. ದಂಡಕಾಂತದ ಪ್ರಯೋಗ ಮುಗಿದ ಮರುದಿನವೇ ಆ ಗಂಟೆಯನ್ನು ಇಟ್ಟುಕೊಳ್ಳಬಹುದು.