ಮೂರು ದಿನದಲ್ಲಿ ಮುಗಿಯುವ ವರ್ಷ

ಮಕ್ಕಳೇ, ಮೊದಲಿಗೆ ಒಂದು ಸಣ್ಣ ಲೆಕ್ಕ. ಎಂಟು ತಂಡಗಳಿವೆ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಕೊನೆಗೆ ಒಂದೇ ತಂಡ ಉಳಿಯಬೇಕಾದರೆ ಒಟ್ಟು ಎಷ್ಟು ಪಂದ್ಯ ಆಡಿಸಬೇಕು? ಕಾಗದ, ಪೆನ್ಸಿಲು ಹುಡುಕಬೇಡಿ. ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುತ್ತದೆ. ಏಳು ತಂಡ ಹೊರಗೆ ಹೋಗಬೇಕು. ಆದ್ದರಿಂದ ಏಳೇ ಪಂದ್ಯ. ಎಂಟಿರಲಿ, ಎಂಬತ್ತಿರಲಿ, ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಎಂದು ಕಣ್ಣು ಮುಚ್ಚಿ ಹೇಳಿಬಿಡಬಹುದು.

ಲೆಕ್ಕವೇನೋ ಸುಲಭ. ಆದರೆ ಇದೇ ಏಳು ಪಂದ್ಯಗಳು ಒಂದು ಕಾಲದಲ್ಲಿ ಅಮೆರಿಕದ ಎಂಟು ಕಾಲೇಜುಗಳ ಹುಡುಗರ ನಿದ್ದೆ ಕೆಡಿಸುತ್ತಿದ್ದವು. ಈ ವಾರ ಆ ಕತೆ.

ಅಮೆರಿಕದಲ್ಲಿ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಅಕ್ಕಪಕ್ಕದ ಕಾಲೇಜುಗಳು ಸೇರಿ ಒಂದು ಕೂಟ ಮಾಡಿಕೊಳ್ಳುತ್ತವೆ. ಅದಕ್ಕೆ ಕಾನ್ಫರೆನ್ಸ್ ಎಂದು ಹೆಸರು. 1953ರ ಮೇ ತಿಂಗಳಲ್ಲಿ ಏಳು ಕಾಲೇಜುಗಳು ಸದರ್ನ್ ಕಾನ್ಫರೆನ್ಸ್ ಎಂಬ ಹಳೆಯ ಕೂಟದಿಂದ ಹೊರಬಂದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಕಟ್ಟಿದವು. ಚಿಕ್ಕದಾಗಿ ಎಸಿಸಿ ಎನ್ನೋಣ. ಅದೇ ವರ್ಷದ ಕೊನೆಗೆ ವರ್ಜೀನಿಯಾ ಸೇರಿತು, ಎಂಟಾಯಿತು. ಇವುಗಳಲ್ಲಿ ನಾಲ್ಕು ಕಾಲೇಜುಗಳು ನಾರ್ತ್ ಕೆರೊಲಿನಾ ಎಂಬ ಒಂದೇ ರಾಜ್ಯದವು. ಅಂದಮೇಲೆ ದಾಯಾದಿ ಕಲಹ ಕೇಳಬೇಕೇ!

ಮೊದಲ ಟೂರ್ನಿ ನಡೆದದ್ದು 1954ರ ಮಾರ್ಚ್‌ನಲ್ಲಿ, ರಾಲಿ ನಗರದ ರೆನಾಲ್ಡ್ಸ್ ಕ್ರೀಡಾಂಗಣದಲ್ಲಿ. ಆಗ ಸುಮಾರು 12,400 ಜನ ಕೂರಬಹುದಾಗಿದ್ದ ಈ ಕ್ರೀಡಾಂಗಣ ನಾರ್ತ್ ಕೆರೊಲಿನಾ ಸ್ಟೇಟ್ ಕಾಲೇಜಿನ ಸ್ವಂತದ್ದು. ಇನ್ನು ಮುಂದೆ ಈ ಕಾಲೇಜನ್ನು 'ಸ್ಟೇಟ್' ಎಂದಷ್ಟೇ ಕರೆಯುತ್ತೇನೆ, ಇಲ್ಲದಿದ್ದರೆ ನಾರ್ತ್ ಕೆರೊಲಿನಾ ಎಂಬ ಹೆಸರಿನ ಇನ್ನೊಂದು ತಂಡದೊಂದಿಗೆ ಗೊಂದಲವಾಗುತ್ತದೆ. ಸ್ಟೇಟ್‌ನ ಕೋಚ್ ಎವರೆಟ್ ಕೇಸ್. ಮೊದಲ ವರ್ಷದ ಫೈನಲ್‌ನಲ್ಲಿ ಅವರ ಹುಡುಗರು ವೇಕ್ ಫಾರೆಸ್ಟ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 82-80ರಿಂದ ಸೋಲಿಸಿದರು. ನಂತರದ ಎರಡು ವರ್ಷವೂ ಅವರೇ ಗೆದ್ದರು. ತಮ್ಮ ಮನೆಯಂಗಳದಲ್ಲೇ ಆಟ, ಗೆದ್ದರೇನು ಮಹಾ ಎಂದು ಉಳಿದವರು ಗೊಣಗಿಕೊಳ್ಳುವುದು ಸಹಜ. ಆದರೂ 1966ರವರೆಗೆ ಟೂರ್ನಿ ಅಲ್ಲೇ ನಡೆಯಿತು. ಸ್ಥಳ ದೊಡ್ಡದು, ಟಿಕೆಟ್ಟಿನ ದುಡ್ಡೂ ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಡೀ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸಲು ಪ್ರತಿ ವರ್ಷ ಇನ್ನೊಂದು ದೊಡ್ಡ ರಾಷ್ಟ್ರೀಯ ಟೂರ್ನಿ ಇದೆ. ಆಗೆಲ್ಲ ಅದಕ್ಕೆ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡಕ್ಕೆ ಪ್ರವೇಶ. ಎಸಿಸಿಯ ತಂಡಗಳು ಚಳಿಗಾಲವಿಡೀ ಪರಸ್ಪರ ಆಡುತ್ತಿದ್ದವು. ಒಬ್ಬೊಬ್ಬರ ಜೊತೆ ಎರಡೆರಡು ಸಲ ಆಡಿದರೆ ಒಂದು ತಂಡಕ್ಕೆ 14 ಪಂದ್ಯ. ಆದರೆ ರಾಷ್ಟ್ರೀಯ ಟೂರ್ನಿಗೆ ಯಾರನ್ನು ಕಳಿಸುವುದು? ಆ 14 ಪಂದ್ಯಗಳಲ್ಲಿ ಮೊದಲು ನಿಂತವರನ್ನಲ್ಲ, ಮಾರ್ಚ್‌ನ ಮೂರು ದಿನಗಳ ಟೂರ್ನಿ ಗೆದ್ದವರನ್ನು!

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ಬದುಕಿದವನು. ಏಪ್ರಿಲ್‌ನಿಂದ ಹಾಕಿದ ಒಂದೊಂದು ಜಮೆಯೂ ಮಾರ್ಚ್ 31ರ ಮೊತ್ತದಲ್ಲಿ ಇರಲೇಬೇಕು ಎಂಬುದು ನಮ್ಮ ವೇದವಾಕ್ಯ. ಇವರದ್ದು ಹೇಗೆಂದರೆ, ವರ್ಷದ ಹಳೆಯ ಪುಟಗಳನ್ನೆಲ್ಲ ಹರಿದು ಹಾಕಿ ಕೊನೆಯ ಮೂರು ದಿನದ ಚೀಟಿಗಳನ್ನು ಮಾತ್ರ ಕೂಡಿಸಿದ ಹಾಗೆ.

1957ರಲ್ಲಿ ನಾರ್ತ್ ಕೆರೊಲಿನಾ ತಂಡ ಒಂದೂ ಪಂದ್ಯ ಸೋಲದೆ ಟೂರ್ನಿಗೆ ಬಂತು. ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ವೇಕ್ ಫಾರೆಸ್ಟ್ ಒಂದು ಅಂಕ ಮುಂದಿತ್ತು. ಲೆನ್ನಿ ರೋಸೆನ್‌ಬ್ಲೂತ್ ಎಸೆದ ಚೆಂಡು ಬುಟ್ಟಿಗೆ ಬಿತ್ತು, ಜೊತೆಗೆ ಒಂದು ಫ್ರೀ ಥ್ರೋ. 61-59. ತಂಡ ಉಳಿಯಿತು. ಮುಂದೆ ಅದು ರಾಷ್ಟ್ರೀಯ ಟೂರ್ನಿಯನ್ನೂ ಗೆದ್ದು 32ಕ್ಕೆ 32 ಪಂದ್ಯ ಜಯಿಸಿತು. ಆ ಒಂದು ಎಸೆತ ಗುರಿ ತಪ್ಪಿದ್ದರೆ ದೇಶದ ಅತ್ಯುತ್ತಮ ತಂಡ ಮನೆಯಲ್ಲಿ ಕೂತು ಪೇಪರ್ ಓದಬೇಕಿತ್ತು.

ಇಷ್ಟು ಪಣಕ್ಕಿಟ್ಟರೆ ಊರಿಗೆ ಊರೇ ಹುಚ್ಚಾಗದೆ ಇರುತ್ತದೆಯೇ? ಶುಕ್ರವಾರದ ಪಂದ್ಯಗಳು ಶಾಲೆಯ ವೇಳೆಯಲ್ಲಿ ಬಂದಾಗ ನಾರ್ತ್ ಕೆರೊಲಿನಾದ ಎಷ್ಟೋ ಶಾಲೆಗಳಲ್ಲಿ ಟೀಚರುಗಳೇ ಟಿವಿಯನ್ನು ಗಾಲಿಯ ಮೇಜಿನ ಮೇಲಿಟ್ಟು ತಳ್ಳಿಕೊಂಡು ತರಗತಿಗೆ ತರುತ್ತಿದ್ದರು. ಪಾಠ ಸೋಮವಾರಕ್ಕೆ! ಆ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ, ಆ ಶುಕ್ರವಾರಗಳನ್ನು ಇನ್ನೂ ನೆನೆಯುತ್ತಾರೆ.

ಹೆದರಿಕೆ ಎಂತೆಂಥ ಆಟ ಆಡಿಸುತ್ತದೆ ನೋಡಿ. 1968ರ ಸೆಮಿಫೈನಲ್‌ನಲ್ಲಿ ಬಲಿಷ್ಠ ಡ್ಯೂಕ್ ತಂಡದೆದುರು ಸ್ಟೇಟ್ ಹುಡುಗರು ಚೆಂಡನ್ನು ಬುಟ್ಟಿಗೆ ಎಸೆಯದೆ ಹಿಡಿದುಕೊಂಡೇ ನಿಂತರು. ಆಗ ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ ಇರಲಿಲ್ಲ. ಅರ್ಧ ಆಟಕ್ಕೆ 4-2. ಕೊನೆಗೆ 12-10ರಿಂದ ಸ್ಟೇಟ್ ಗೆದ್ದಿತು! ನಿಮ್ಮ ಶಾಲೆಯ ಮೈದಾನದಲ್ಲಿ ಹತ್ತು ನಿಮಿಷದಲ್ಲಿ ಇದಕ್ಕಿಂತ ಹೆಚ್ಚು ಅಂಕ ಬರುತ್ತದೆ.

ನಗು ಇಲ್ಲಿಗೆ ಸಾಕು. 1970ರಲ್ಲಿ ಸೌತ್ ಕೆರೊಲಿನಾ ತಂಡ ಎಸಿಸಿಯ 14 ಪಂದ್ಯಗಳನ್ನೂ ಗೆದ್ದಿತ್ತು. ಟೂರ್ನಿಯ ಫೈನಲ್‌ನಲ್ಲಿ ಎರಡು ಹೆಚ್ಚುವರಿ ಅವಧಿಗಳ ನಂತರ ಸ್ಟೇಟ್ ಎದುರು 42-39ರಿಂದ ಸೋತಿತು. ಸೆಮಿಫೈನಲ್‌ನಲ್ಲಿ ಕಾಲು ಉಳುಕಿಸಿಕೊಂಡಿದ್ದ ಜಾನ್ ರೋಷ್ ಕುಂಟುತ್ತಲೇ ಆಡಿದ್ದ. ಗಾಯದ ಮೇಲೆ ಬರೆ ಎಂಬಂತೆ, ರಾಷ್ಟ್ರೀಯ ಟೂರ್ನಿಯ ಮುಂದಿನ ಹಂತದ ಪಂದ್ಯಗಳು ಆ ವರ್ಷ ನಿಗದಿಯಾಗಿದ್ದುದು ಸೌತ್ ಕೆರೊಲಿನಾದ ಸ್ವಂತ ಕ್ರೀಡಾಂಗಣದಲ್ಲಿ! ತಮ್ಮ ಮನೆಯ ಚಪ್ಪರದಲ್ಲಿ ಬೇರೆಯವರ ಮದುವೆ. ಮರುವರ್ಷ ಆ ತಂಡ ಟೂರ್ನಿ ಗೆದ್ದಿತು. ಅದೇ ವರ್ಷ ಕಾಲೇಜು ಎಸಿಸಿಯನ್ನೇ ಬಿಟ್ಟು ಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು.

ನಾಲ್ಕು ವರ್ಷ ಕಳೆಯಿತು. 1974ರ ಮಾರ್ಚ್ 9, ಗ್ರೀನ್ಸ್‌ಬರೋ ನಗರ. ಫೈನಲ್‌ನಲ್ಲಿ ಸ್ಟೇಟ್ ಮತ್ತು ಮೇರಿಲ್ಯಾಂಡ್. ದೇಶದ ಪಟ್ಟಿಯಲ್ಲಿ ಸ್ಟೇಟ್ ಒಂದನೆಯದು, ಮೇರಿಲ್ಯಾಂಡ್ ನಾಲ್ಕನೆಯದು. ಏಳಡಿ ಮೀರಿದ ಟಾಮ್ ಬರ್ಲ್‌ಸನ್ ಸ್ಟೇಟ್ ಪರವಾಗಿ 38 ಅಂಕ ಗಳಿಸಿದ. ಹೆಚ್ಚುವರಿ ಅವಧಿಯಲ್ಲಿ ಸ್ಟೇಟ್ ಗೆದ್ದಿತು, 103-100. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠ ಪಂದ್ಯಗಳಲ್ಲೊಂದು ಎಂದು ಇಂದಿಗೂ ಹೇಳುತ್ತಾರೆ. ಸೋತ ಕೋಚ್ ಲೆಫ್ಟಿ ಡ್ರೀಸೆಲ್ ಎದುರಾಳಿಗಳ ಬಸ್ಸು ಹತ್ತಿ, ಆ ಹುಡುಗರನ್ನು ಅಭಿನಂದಿಸಿ ಹಾರೈಸಿ ಇಳಿದರು. ದೊಡ್ಡತನ ಎಂದರೆ ಇದು. ಸ್ಟೇಟ್ ಮುಂದೆ ಹೋಗಿ ರಾಷ್ಟ್ರೀಯ ಚಾಂಪಿಯನ್ ಆಯಿತು. ದೇಶದ ನಾಲ್ಕನೇ ತಂಡಕ್ಕೆ ಮಾತ್ರ ಒಳಗೆ ಕಾಲಿಡಲೂ ಅವಕಾಶವಿಲ್ಲ, ಬರೀ ಮೂರು ಅಂಕದ ಅಂತರಕ್ಕೆ.

ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಇನ್ನು ಮುಚ್ಚಿಡುವಂತಿರಲಿಲ್ಲ. 1975ರಲ್ಲಿ ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಒಂದು ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡ ಬರಬಹುದೆಂದು ನಿಯಮ ಬದಲಿಸಿದರು. ಆ ಬದಲಾವಣೆಯ ಹಿಂದೆ ಮೇರಿಲ್ಯಾಂಡಿನ ಸೋಲೂ ಇತ್ತೆಂದು ಬಹಳ ಜನ ನಂಬುತ್ತಾರೆ. ಡ್ರೀಸೆಲ್ ಅವರಿಗೆ ಮೇರಿಲ್ಯಾಂಡಿನೊಂದಿಗೆ ಎಸಿಸಿ ಕಪ್ ಸಿಕ್ಕಿದ್ದು ಹತ್ತು ವರ್ಷ ತಡವಾಗಿ, 1984ರಲ್ಲಿ.

ವರ್ಷವಿಡೀ ಚೆನ್ನಾಗಿ ಆಡಿದವರಿಗೆ ಹೇಗೂ ದಾರಿ ಸಿಕ್ಕಿತು, ಇನ್ನು ಈ ಮೂರು ದಿನದ ಟೂರ್ನಿ ಯಾಕೆ ಎಂದು ನೀವು ಕೇಳಬಹುದು. ಉತ್ತರ 1983ರಲ್ಲಿ ಸಿಕ್ಕಿತು. ಜಿಮ್ ವಲ್ವಾನೊ ಕೋಚ್ ಆಗಿದ್ದ ಸ್ಟೇಟ್ ಆ ವರ್ಷ ಹತ್ತು ಪಂದ್ಯ ಸೋತು ಟೂರ್ನಿಗೆ ಬಂದಿತ್ತು. ಒಂದು ಅಂಕದ ಅಂತರದಿಂದ ವೇಕ್ ಫಾರೆಸ್ಟ್, ನಂತರ ನಾರ್ತ್ ಕೆರೊಲಿನಾ, ಫೈನಲ್‌ನಲ್ಲಿ ವರ್ಜೀನಿಯಾ. ಕಪ್ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋದವರು ಅದನ್ನೂ ಗೆದ್ದು ಬಂದರು!

2024ರದ್ದು ಇನ್ನೂ ಸ್ವಾರಸ್ಯ. ಆ ಹೊತ್ತಿಗೆ ಎಸಿಸಿಯಲ್ಲಿ 15 ತಂಡಗಳು, ಟೂರ್ನಿ ಐದು ದಿನ. ಎಷ್ಟು ಪಂದ್ಯ ಎಂದು ನೀವೇ ಹೇಳಿ. ಹೌದು, 14. ಹತ್ತನೇ ಸ್ಥಾನದ ಸ್ಟೇಟ್, ಅದಕ್ಕೆ ಮುಂಚಿನ ನಾಲ್ಕೂ ಪಂದ್ಯ ಸೋತಿತ್ತು. ಐದು ದಿನ, ಐದು ಪಂದ್ಯ, ಐದರಲ್ಲೂ ಗೆಲ್ಲಬೇಕು. ಸೆಮಿಫೈನಲ್‌ನಲ್ಲಿ ಗಂಟೆ ಬಾರಿಸುವ ಕ್ಷಣಕ್ಕೆ ಮೈಕೆಲ್ ಓಕಾನೆಲ್ ಎಸೆದ ಚೆಂಡು ಹಲಗೆಗೆ ಬಡಿದು ಬುಟ್ಟಿಗೆ ಬಿದ್ದು ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಗೆದ್ದರು. ಫೈನಲ್‌ನಲ್ಲಿ ನಾರ್ತ್ ಕೆರೊಲಿನಾವನ್ನು 84-76ರಿಂದ ಸೋಲಿಸಿದರು. 1987ರ ನಂತರ ಅವರಿಗೆ ಸಿಕ್ಕ ಮೊದಲ ಎಸಿಸಿ ಕಪ್ ಅದು.

ಈ ಇತಿಹಾಸದಲ್ಲಿ ನನಗೆ ಹಿಡಿಸಿದ್ದು ಇಷ್ಟು. ನಿಯಮದಿಂದ ಅನ್ಯಾಯವಾಗುತ್ತಿದೆ ಎಂದು ಕಂಡಾಗ ಅವರು ಹಳೆಯ ಬಾಗಿಲು ಮುಚ್ಚಲಿಲ್ಲ, ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದರು. ವರ್ಷವಿಡೀ ದುಡಿದವನಿಗೆ ಒಂದು, ತಡವಾಗಿ ಎಚ್ಚೆತ್ತವನಿಗೆ ಇನ್ನೊಂದು. ಅಲ್ಲಿಯವರೆಗೆ ಒಳ್ಳೆಯ ತಂಡವನ್ನು ಹೊರದಬ್ಬುತ್ತಿದ್ದ ಅದೇ ಮೂರು ದಿನ, ಆಮೇಲೆ ಸೋತು ಸುಣ್ಣವಾದವರ ಆಸೆಯಾಯಿತು.

ಈ ಪುಟವನ್ನು ಮಕ್ಕಳಿಗೆ ಓದಿ ಹೇಳುವ ಅಪ್ಪ ಅಮ್ಮಂದಿರೇ, ಮಾರ್ಚ್ ನಮ್ಮ ಮನೆಗಳಲ್ಲೂ ಪರೀಕ್ಷೆಯ ತಿಂಗಳು. ಅಂಕಪಟ್ಟಿ ಕೈಗೆ ಬಂದ ದಿನ ಮಗುವಿನ ಉಳಿದ ಹನ್ನೊಂದು ತಿಂಗಳ ಲೆಡ್ಜರನ್ನೂ ಒಮ್ಮೆ ತೆರೆದು ನೋಡಿ. ಮತ್ತೆ ಮಕ್ಕಳೇ, ಹತ್ತನೇ ಸ್ಥಾನದಲ್ಲಿದ್ದೇವೆ ಎಂದು ನೀವೂ ಪುಸ್ತಕ ಮುಚ್ಚಬೇಡಿ. ಇನ್ನೂ ಐದು ಪಂದ್ಯ ಬಾಕಿ ಇರಬಹುದು.